ದೊನ್ನಕೋನನ ಹೆಸರೂ ಪಾಠದಲ್ಲಿರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ಮೊಮ್ಮಗಳು ಪರೀಕ್ಷೆಗೆಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ, ‘1534ರಲ್ಲಿ ಫ್ರಾನ್ಸಿನ ಜಾಕ್ ಕಾರ್ಟಿಯೆ ಕೆನಡಾವನ್ನು ಕಂಡುಹಿಡಿದನು, ಫ್ರೆಂಚರು ಅಲ್ಲಿನ ಮೂಲನಿವಾಸಿಗಳೊಂದಿಗೆ ಸ್ನೇಹದಿಂದಿದ್ದರು’ ಎಂಬ ಸಾಲು ಕಿವಿಗೆ ಬಿತ್ತು. ಶಾಲೆಯಲ್ಲಿ ಕೊಟ್ಟ ನೋಟ್ಸಿನಲ್ಲಿ ಈ ವಿಷಯದ ಬಗ್ಗೆ ಇರುವುದು ಅಷ್ಟೇ. ಹಲವು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಇದನ್ನು ಕೇಳಿ ಸುಮ್ಮನಿರಲಾಗಲಿಲ್ಲ.

ಆ ವರ್ಷದ ಜುಲೈ 24ರಂದು ಕೆನಡಾದ ಪೂರ್ವ ಭಾಗದ ಗ್ಯಾಸ್ಪೆಯ ಕಡಲ ದಡದಲ್ಲಿ ಕಾರ್ಟಿಯೆ ಮೂವತ್ತು ಅಡಿ ಎತ್ತರದ ಶಿಲುಬೆಯನ್ನು ನೆಡಿಸಿ, ಫ್ರಾನ್ಸಿನ ಅರಸನಿಗೆ ಜಯಕಾರ ಕೆತ್ತಿದ ಹಲಗೆಯನ್ನು ಅದಕ್ಕೆ ಹಾಕಿಸಿದನು. ಕರಡಿಯ ಚರ್ಮ ಹೊದ್ದಿದ್ದ, ಅಲ್ಲಿದ್ದ ಮೂಲನಿವಾಸಿಗಳ ನಾಯಕ ದೊನ್ನಕೋನ ದೋಣಿಯಲ್ಲಿ ಹಡಗಿನ ಸಮೀಪಕ್ಕೆ ಬಂದು, ಎರಡು ಬೆರಳುಗಳನ್ನು ಅಡ್ಡಲಾಗಿ ಹಿಡಿದು ಶಿಲುಬೆಯ ಗುರುತು ತೋರಿಸಿ, ಸುತ್ತಲಿನ ನೆಲದತ್ತ ಕೈಮಾಡಿ, ತನ್ನ ಅಪ್ಪಣೆಯಿಲ್ಲದೆ ಇದನ್ನು ನೆಟ್ಟದ್ದು ಸರಿಯಲ್ಲವೆಂದು ಆಕ್ಷೇಪಿಸಿದನು. ಇದನ್ನು ದಾಖಲಿಸಿರುವುದು ಫ್ರೆಂಚರದೇ ಪ್ರವಾಸ ವೃತ್ತಾಂತ. ಅದು ಬರೀ ದಾರಿಗುರುತೆಂದು ಅವನನ್ನು ಸಮಾಧಾನಪಡಿಸಿದ ಕಾರ್ಟಿಯೆ, ಅವನ ಇಬ್ಬರು ಮಕ್ಕಳನ್ನು ಹಡಗಿನಲ್ಲಿ ಫ್ರಾನ್ಸಿಗೆ ಕರೆದೊಯ್ದನು. ಕೆನಡಾ ಎಂಬ ಹೆಸರು ಹುಟ್ಟಿದ್ದೂ ಆ ಜನರ ಭಾಷೆಯಲ್ಲಿ ಹಳ್ಳಿ ಎಂಬರ್ಥದ ‘ಕನಾಟ’ ಎಂಬ ಪದದಿಂದ. ಹಳ್ಳಿಗಳಿದ್ದ, ಆಳುವವರಿದ್ದ ನಾಡನ್ನು ಕಂಡುಹಿಡಿಯುವುದೆಂದರೇನು?

ಸ್ನೇಹದ ಮಾತಿಗೆ ಬರೋಣ. 1535ರ ಚಳಿಗಾಲದಲ್ಲಿ ಸೇಂಟ್ ಲಾರೆನ್ಸ್ ನದಿಯ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಕಾರ್ಟಿಯೆಯ 110 ಜನರಲ್ಲಿ ಸ್ಕರ್ವಿ ಎಂಬ, ‘ಸಿ’ ಜೀವಸತ್ವದ ಕೊರತೆಯ ರೋಗ ಹಬ್ಬಿ, ಒಸಡು ಕೊಳೆತು, ಕಾಲು ಬಾತು, 25 ಮಂದಿ ಸತ್ತರು. ಆಗ ಫ್ರಾನ್ಸಿನಿಂದ ಕಾರ್ಟಿಯೆಯೊಂದಿಗೆ ಮರಳಿ ಬಂದಿದ್ದ ದೊನ್ನಕೋನನ ಮಗ ದೊಮಗಾಯ ‘ಅನೆದ್ದ’ ಎಂಬ ಮರದ ತೊಗಟೆ ಮತ್ತು ಎಲೆಗಳನ್ನು ಕುದಿಸಿ ಕುಡಿಯುವ ಕಷಾಯವನ್ನು ತಿಳಿಸಿಕೊಟ್ಟನು. ಒಂದು ದೊಡ್ಡ ಮರವೇ ಸುಮಾರು ಎಂಟು ದಿನಗಳಲ್ಲಿ ಬರಿದಾಯಿತು, ಉಳಿದವರು ಬದುಕಿದರು. ಅದೇ ಕಾರ್ಟಿಯೆ 1536ರ ಮೇ ತಿಂಗಳಲ್ಲಿ ದೊನ್ನಕೋನನನ್ನು, ಮದ್ದು ಹೇಳಿಕೊಟ್ಟ ಮಗನನ್ನು, ಇನ್ನೂ ಹಲವರನ್ನು ಸೆರೆಹಿಡಿದು ಒಯ್ದನು. ಉಂಡ ಮನೆಗೆ ಎರಡು ಬಗೆಯುವುದೆಂದು ನಮ್ಮ ಹಿರಿಯರು ಕರೆಯುತ್ತಿದ್ದುದು ಇದನ್ನೇ. ಹಾಗೆ ಒಯ್ದ ಹತ್ತು ಜನರಲ್ಲಿ ಒಬ್ಬ ಹುಡುಗಿಯ ಹೊರತು ಎಲ್ಲರೂ ಫ್ರಾನ್ಸಿನಲ್ಲೇ ತೀರಿಕೊಂಡರು. 1541ರಲ್ಲಿ ಮರಳಿ ಬಂದಾಗ ಕಾರ್ಟಿಯೆ ದೊನ್ನಕೋನನ ಸಾವನ್ನು ಒಪ್ಪಿಕೊಂಡು, ಉಳಿದವರು ಅಲ್ಲಿ ಮದುವೆಯಾಗಿ ದೊಡ್ಡ ಸಾಹುಕಾರರಂತಿದ್ದಾರೆಂದು ಊರಿನವರಿಗೆ ಸುಳ್ಳು ಹೇಳಿದನು.

ಮುಂದೆ 1608ರಲ್ಲಿ ಕ್ವಿಬೆಕ್ ನೆಲೆಯನ್ನು ಕಟ್ಟಿದ ಫ್ರೆಂಚ್ ಅನ್ವೇಷಕ ಶಾಂಪ್ಲೇನನ ಕಾಲದಿಂದ ಮೈತ್ರಿ ಬೆಳೆದದ್ದು ನಿಜ, ಅದನ್ನು ಅಲ್ಲಗಳೆಯಲಾರೆ. ಆದರೆ ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಅವನ 28 ಜನರಲ್ಲಿ ಬದುಕಿದ್ದವರು ಎಂಟೇ ಮಂದಿ. 1663ರ ಹೊತ್ತಿಗೂ ಕೆನಡಾದ ಇಡೀ ಫ್ರೆಂಚ್ ವಸಾಹತಿನಲ್ಲಿ ಇದ್ದ ಫ್ರೆಂಚರು ಸುಮಾರು 3,000. ವ್ಯಾಪಾರಕ್ಕೆ ಬೀವರ್ ಎಂಬ ಪ್ರಾಣಿಯ ಚರ್ಮ ತರುವವರು, ನದಿಯ ದಾರಿ ಬಲ್ಲವರು, ಯುದ್ಧದಲ್ಲಿ ಜೊತೆ ನಿಲ್ಲುವವರು ಎಲ್ಲರೂ ಸ್ಥಳೀಯರೇ ಆಗಿದ್ದುದರಿಂದ ಅವರೊಡನೆ ಹೊಂದಿಕೊಳ್ಳದೆ ಗತಿಯಿರಲಿಲ್ಲ. ಯುರೋಪಿನಿಂದ ಬಂದ ಸಿಡುಬು ಮುಂತಾದ ರೋಗಗಳು 1630ರ ದಶಕದಲ್ಲಿ ಈ ಮಿತ್ರರಾದ ವೆಂಡಾಟ್ ಜನರಲ್ಲಿ ಅರ್ಧದಷ್ಟು ಮಂದಿಯನ್ನು ಬಲಿ ತೆಗೆದುಕೊಂಡವು. 1701ರಲ್ಲಿ ಮಾಂಟ್ರಿಯಲ್‌ನಲ್ಲಿ ಸುಮಾರು 40 ಜನಾಂಗಗಳ ಮುಖಂಡರು ತಂತಮ್ಮ ಕುಲದ ಚಿಹ್ನೆಗಳನ್ನು ಬರೆದು ಫ್ರೆಂಚರೊಡನೆ ಶಾಂತಿ ಒಪ್ಪಂದ ಮಾಡಿಕೊಂಡರು. ಆದರೂ 1763ರಲ್ಲಿ ಪ್ಯಾರಿಸ್ ಒಪ್ಪಂದದ ಮೂಲಕ ಫ್ರಾನ್ಸ್ ಕೆನಡಾವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಾಗ ಅವರಲ್ಲಿ ಒಬ್ಬರನ್ನೂ ಕೇಳಲಿಲ್ಲ. ನಮ್ಮ ನೆರೆಯ ಪುದುಚೇರಿ ಮತ್ತೆ ಫ್ರೆಂಚರ ಕೈಗೆ ಹೋದದ್ದೂ ಅದೇ ಒಪ್ಪಂದದಲ್ಲಿ ಎಂಬುದನ್ನು ಮಕ್ಕಳಿಗೆ ಹೇಳಿದರೆ, ದೂರದ ಕಥೆ ಹತ್ತಿರದ್ದೆನಿಸೀತು.

ನಮ್ಮ ಬೆಂಗಳೂರಿನ ಎಷ್ಟೋ ಮಕ್ಕಳು ಇಂದು ಓದಿಗೂ ಉದ್ಯೋಗಕ್ಕೂ ಆ ದೇಶಕ್ಕೆ ಹೋಗುತ್ತಿದ್ದಾರೆ. ಅಲ್ಲಿನ ನೆಲದ ಮೊದಲ ಒಡೆಯರ ಒಂದು ಹೆಸರಾದರೂ ಅವರಿಗೆ ಗೊತ್ತಿರಬೇಕು. ಮೊಮ್ಮಗಳು ತನ್ನ ನೋಟ್ಸಿನಲ್ಲಿ ‘ಕಂಡುಹಿಡಿದನು’ ಎಂಬುದನ್ನು ಪೆನ್ಸಿಲಿನಿಂದ ಹೊಡೆದು ‘ತಲುಪಿದನು’ ಎಂದು ತಿದ್ದಿಕೊಂಡಿದ್ದಾಳೆ. ಪರೀಕ್ಷೆಯಲ್ಲಿ ಹಾಗೆ ಬರೆದ ಮಕ್ಕಳ ಅಂಕ ಕಡಿಯಬಾರದೆಂದು ಶಿಕ್ಷಕರಲ್ಲಿ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಇತಿಹಾಸ ಶಿಕ್ಷಕ, ಬಸವನಗುಡಿ, ಬೆಂಗಳೂರು