ರೋಡ್‌ಕಿಂಗ್ ಬಿಚ್ಚುವ ಮುನ್ನ: ಪುಟ್ಟಿಗೆ ದೊಡ್ಡಪ್ಪನ ಪತ್ರ

ಮೈಸೂರು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಚಿತ್ರಗಳನ್ನೆಲ್ಲ ದೊಡ್ಡದು ಮಾಡಿ ನೋಡಿದೆ. ನಿನ್ನ ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ಇಷ್ಟು ವರ್ಷ ಸಕಲೇಶಪುರದ ಮಳೆಗಾಳಿಯಲ್ಲಿ, ಕಾಫಿ ಗೋದಾಮಿನ ಮೂಲೆಯಲ್ಲಿ ನಿಂತಿದ್ದರೂ ನಾನು ಹೆದರಿದ್ದಷ್ಟು ಕೆಟ್ಟಿಲ್ಲ. ಫ್ರೇಮ್ ನೇರವಾಗಿದೆ, ಎಂಜಿನ್ ಕೇಸಿನಲ್ಲಿ ಬಿರುಕು ಕಾಣುವುದಿಲ್ಲ, ಟ್ಯಾಂಕಿನ ಕೆಳಅಂಚು ಇನ್ನೂ ತೂತು ಬಿದ್ದಿಲ್ಲ. ‘ಇದನ್ನು ಮೊದಲಿದ್ದ ಹಾಗೆ ಮಾಡಬೇಕು ದೊಡ್ಡಪ್ಪ’ ಎಂದು ಬರೆದಿದ್ದೀಯ. ಓದಿ ಬಹಳ ಸಂತೋಷವಾಯಿತು. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಒಂದು ವಿಷಯ ತೀರ್ಮಾನವಾಗಬೇಕು. ಈ ಗಾಡಿ ಎರಡು ಸಲ ಹೊಸದಾಗಿತ್ತು. ನೀನು ಯಾವ ಹೊಸದಕ್ಕೆ ಹಿಂದಿರುಗಬೇಕೆಂದಿದ್ದೀಯ?

ಒಂದನೆಯದು, ಇಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಗೇಟು ದಾಟಿ ಬಂದಾಗ. ಎರಡು ಸೈಲೆನ್ಸರ್, ಉದ್ದದ ಮಡ್‌ಗಾರ್ಡ್, ಮುಚ್ಚಿದ ಚೈನ್ ಕವಚ, ಮರ್ಯಾದಸ್ಥ ರಸ್ತೆ ಗಾಡಿ. ಎರಡನೆಯದು, ಎಂಬತ್ತರ ದಶಕದಲ್ಲಿ ನಿನ್ನ ಅಪ್ಪ ಅದನ್ನು ಮಣ್ಣಿನ ಓಟಕ್ಕೆ ಇಳಿಸಿದಾಗ. ಆಗ ನಮ್ಮಲ್ಲಿ ಅಂಗಡಿಗೆ ಹೋಗಿ ಕೊಂಡು ತರುವಂಥ ಡರ್ಟ್ ಬೈಕ್ ಇರಲಿಲ್ಲ. ಹುಡುಗರು ಕೈಗೆ ಸಿಕ್ಕ ಗಾಡಿಯ ಮಡ್‌ಗಾರ್ಡ್ ಎತ್ತರಿಸಿ, ದೀಪ ಕಳಚಿ, ಅಗಲದ ಹ್ಯಾಂಡಲ್ ಹಾಕಿ, ಗುಬುಟು ಗುಬುಟಾದ ಟೈರ್ ತೊಡಿಸಿ ಓಟಕ್ಕೆ ಬಿಡುತ್ತಿದ್ದರು. ಅವರು ರೋಡ್‌ಕಿಂಗನ್ನು ಆರಿಸಿಕೊಂಡಿದ್ದಕ್ಕೆ ಕಾರಣವೂ ಇತ್ತು. ಅದರ ಬೇರು ಚೆಕೊಸ್ಲೊವಾಕಿಯಾದಲ್ಲಿದೆ. ಅಲ್ಲಿನ ಜಾವಾ ಮತ್ತು ಸಿ.ಜೆಡ್. ಕಂಪನಿಗಳು ಎರಡು ಸ್ಟ್ರೋಕಿನ 250 ಸಿಸಿ ಎಂಜಿನ್ನನ್ನು ಮೋಟೊಕ್ರಾಸಿನ ಮಣ್ಣಿನಲ್ಲೇ ಪಳಗಿಸಿದ್ದವು. ಬೆಲ್ಜಿಯಂನ ಜೋಯೆಲ್ ರಾಬರ್ಟ್ 1964ರಲ್ಲಿ 250 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದದ್ದು ಸಿ.ಜೆಡ್. ಗಾಡಿಯ ಮೇಲೆ, 1968 ಮತ್ತು 1969ರಲ್ಲಿ ಮತ್ತೆ ಗೆದ್ದದ್ದೂ ಅದರ ಮೇಲೆಯೇ. 1978ರಲ್ಲಿ ಮೈಸೂರಿನಿಂದ ಹೊರಬಂದ ರೋಡ್‌ಕಿಂಗಿಗೆ ಆ ಅನುಭವದ ಲಾಭ ಸಿಕ್ಕಿತ್ತು. 65 ಮಿಮೀ ಬೋರ್, ಅಂದರೆ ಸಿಲಿಂಡರಿನ ಅಗಲ; 75 ಮಿಮೀ ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ. ಸ್ಟ್ರೋಕ್ ಉದ್ದವಾಗಿರುವುದರಿಂದ ಕೆಳಗಿನ ವೇಗದಲ್ಲೂ ಎಳೆಯುವ ಶಕ್ತಿ ಹೆಚ್ಚು. ಕೆಸರಿನ ಏರಿನಲ್ಲಿ ಅದು ನಿನ್ನ ಅಪ್ಪನ ಕೈಬಿಟ್ಟದ್ದನ್ನು ನಾನು ನೋಡಿಲ್ಲ.

ಆದ್ದರಿಂದ ಅವನು ಮಾಡಿದ ಮಾರ್ಪಾಡುಗಳನ್ನು ಹಾಳುಗೆಡಹಿದ್ದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ಅದೂ ಈ ಗಾಡಿಯ ಚರಿತ್ರೆಯೇ. ಆದರೂ ನನ್ನ ಮನಸ್ಸು ಕಾರ್ಖಾನೆಯ ರೂಪದ ಕಡೆಗೇ ವಾಲುತ್ತದೆ. ಓಟದ ಹ್ಯಾಂಡಲನ್ನೂ ಎತ್ತರದ ಮಡ್‌ಗಾರ್ಡನ್ನೂ ಮನಸ್ಸು ಬಂದ ಸಂಜೆ ಮತ್ತೆ ಕೂರಿಸಬಹುದು. ಆದರೆ ಅಸಲಿ ಸೈಲೆನ್ಸರ್ ಜೋಡಿ, ಚೈನ್ ಕವಚ, ಟೂಲ್ ಬಾಕ್ಸಿನ ಮುಚ್ಚಳ ಇವು ವರ್ಷದಿಂದ ವರ್ಷಕ್ಕೆ ಮಾರುಕಟ್ಟೆಯಿಂದ ಮಾಯವಾಗುತ್ತಿವೆ. ಕಾರ್ಖಾನೆ ನಿಂತದ್ದು 1996ರಲ್ಲಿ. ಈಗ ಸೇರಿಸದಿದ್ದರೆ ಮುಂದೆ ಸೇರಿಸುವುದು ಕಷ್ಟ. ಒಂದೇ ಷರತ್ತು: ಮೊದಲು ಅಪ್ಪನನ್ನು ಕೇಳು. ಗಾಡಿ ಅವನದು. ಅವನು ಬೇಡವೆಂದರೆ ಗಾಡಿಯನ್ನು ಈಗಿರುವ ರೂಪದಲ್ಲೇ ಓಡುವಂತೆ ಮಾಡೋಣ, ಅದರಲ್ಲಿ ನನಗೆ ಎಳ್ಳಷ್ಟೂ ಬೇಸರವಿಲ್ಲ. ಒಪ್ಪಿದರೆ ಅವನ ಪಕ್ಕದಲ್ಲೇ ಕೂತು, ಏನೇನು ಕಳಚಿದ್ದ, ಎಲ್ಲಿಟ್ಟ ಎಂದು ಬರೆದುಕೋ. ಅವನು ಏನನ್ನೂ ಎಸೆಯುವವನಲ್ಲ. ಅರ್ಧ ಗಾಡಿ ನಿಮ್ಮ ಅಟ್ಟದ ಮೇಲೇ ಇದ್ದರೂ ಇರಬಹುದು.

ಇನ್ನು ಮುಖ್ಯವಾದ ಮಾತು. ಅಸಲಿ ಸ್ಥಿತಿ ಎಂದರೆ ಮಿರಮಿರ ಹೊಳೆಯುವುದು ಎಂದು ಈಗ ಬಹಳ ಜನ ತಿಳಿದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕಾರ್ಖಾನೆಯಲ್ಲಿ ಬಿಗಿದ ಒಂದು ಸ್ಕ್ರೂ ಇನ್ನೂ ಅಲ್ಲೇ ಇದ್ದರೆ, ಅದರ ತಲೆ ಸ್ವಲ್ಪ ಸವೆದಿದ್ದರೂ, ಅದು ನೀನು ಕೊಂಡು ತರುವ ಯಾವ ಹೊಸ ಸ್ಕ್ರೂಗಿಂತಲೂ ಅಸಲಿ. ಸತ್ತದ್ದನ್ನು ಬದಲಾಯಿಸು, ದಣಿದದ್ದನ್ನು ರಿಪೇರಿ ಮಾಡು, ಬದುಕಿರುವುದನ್ನು ಮುಟ್ಟಬೇಡ. ಎಷ್ಟೋ ಗಾಡಿಗಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ: ಮೈಸೂರಿನ ಮೂಲ ಸ್ಪೀಡೋಮೀಟರ್ ಕಿತ್ತೆಸೆದು ನಕಲಿ ಹಾಕಿರುತ್ತಾರೆ, ಸೀಳುತಲೆಯ ಸ್ಕ್ರೂಗಳ ಜಾಗದಲ್ಲಿ ಅಲೆನ್ ಬೋಲ್ಟ್ ತುಂಬಿರುತ್ತಾರೆ, ಆಮೇಲೆ ಅದಕ್ಕೆ ‘ರಿಸ್ಟೋರ್ ಮಾಡಿದ್ದು’ ಎಂದು ಹೆಸರಿಡುತ್ತಾರೆ.

ಬಿಚ್ಚುವ ಮೊದಲು ಪ್ರತಿ ಕೋನದಿಂದ ಚಿತ್ರ ತೆಗೆ. ವೈರುಗಳು ಯಾವುದರ ಹಿಂದಿನಿಂದ ಹೋಗಿವೆ, ಕ್ಲಚ್ ಕೇಬಲ್ ಟ್ಯಾಂಕಿನ ಯಾವ ಮಗ್ಗುಲಲ್ಲಿ ಬಾಗಿದೆ, ವಾಷರ್ ಒಳಗೋ ಹೊರಗೋ ಎಂಬುದೆಲ್ಲ ನೆನಪಿನಲ್ಲಿ ಉಳಿಯುವುದಿಲ್ಲ. ಬಿಚ್ಚಿದ ಬೋಲ್ಟನ್ನು ಅದೇ ರಂಧ್ರಕ್ಕೆ ಎರಡು ಸುತ್ತು ತಿರುಗಿಸಿಡು, ಉಳಿದದ್ದಕ್ಕೆ ಚೀಟಿ ಅಂಟಿಸಿದ ಡಬ್ಬಗಳು. ಫ್ರೇಮ್ ಸಂಖ್ಯೆ, ಎಂಜಿನ್ ಸಂಖ್ಯೆ ಎರಡನ್ನೂ ಆರ್‌ಸಿ ಪುಸ್ತಕದ ಜೊತೆ ಅಕ್ಷರ ಅಕ್ಷರ ತಾಳೆ ನೋಡು. ಹಾಳೆ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಚ್ಚು ಮೂಡುತ್ತದೆ. ಆ ಹಾಳೆಯನ್ನು ಜೋಪಾನವಾಗಿಡು. ಕಾಗದಪತ್ರ ಸರಿಯಿಲ್ಲದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡ.

ಬಣ್ಣದ ವಿಷಯ. ಟ್ಯಾಂಕಿನ ಮೇಲೆ ಕಾಣುವ ಕೆಂಪು ಕಾರ್ಖಾನೆಯದಲ್ಲ, ಓಟದ ಕಾಲದಲ್ಲಿ ಬಳಿದದ್ದು. ಅಸಲಿ ಬಣ್ಣ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ, ಗಾಡಿಯೇ ಹೇಳುತ್ತದೆ. ಸೀಟಿನ ಕೆಳಗೆ ಮರೆಯಲ್ಲಿರುವ ಜಾಗದಲ್ಲಿ ನಯವಾದ ನೀರುಕಾಗದದಿಂದ (ವಾಟರ್ ಪೇಪರ್) ರೂಪಾಯಿ ನಾಣ್ಯದಷ್ಟು ಅಗಲ ಮೆಲ್ಲಗೆ ಉಜ್ಜು. ನೀರು ಹನಿಸುತ್ತಾ ಇರು, ಒತ್ತಬೇಡ. ಮೊದಲು ಕೆಂಪು ತೆಳುವಾಗುತ್ತದೆ, ಅದರಡಿ ಬೂದು ಪ್ರೈಮರಿನ ಉಂಗುರ, ಅದರೊಳಗೆ ಇನ್ನೊಂದು ಬಣ್ಣದ ಉಂಗುರ, ಕೊನೆಗೆ ನಡುವೆ ಬರಿಯ ತಗಡು. ಮರದ ಕಾಂಡದ ಬಳೆಗಳ ಹಾಗೆ ಗಾಡಿಯ ವಯಸ್ಸು ಅಲ್ಲಿ ಬಿಚ್ಚಿಕೊಳ್ಳುತ್ತದೆ. ಟೂಲ್ ಬಾಕ್ಸಿನ ಒಳಮೈಯಲ್ಲಿ ಅದೇ ಬಣ್ಣ ಬಿಸಿಲು ತಾಗದೆ ಉಳಿದಿರುತ್ತದೆ. ಬಣ್ಣ ಬೆರೆಸುವವನಿಗೆ ಅದನ್ನೇ ತೋರಿಸು, ಮೊಬೈಲಿನ ಚಿತ್ರವನ್ನಲ್ಲ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸು ಎಂದು ಹೇಳುವವರು ಸಿಗುತ್ತಾರೆ. ಬೇಡ. ಆ ದಪ್ಪ ಪದರ ಫ್ರೇಮ್ ಸಂಖ್ಯೆಯ ಅಂಚುಗಳನ್ನೇ ಮುಳುಗಿಸುತ್ತದೆ. ಮತ್ತೆ, ನಿಮ್ಮ ಕಡೆ ಮಳೆಗಾಲ ಮುಗಿಯುವವರೆಗೆ ಬಣ್ಣದ ಮಾತೇ ಬೇಡ. ತೇವದ ಗಾಳಿಯಲ್ಲಿ ಬಳಿದ ಬಣ್ಣ ಮಂಕು ಹಿಡಿಯುತ್ತದೆ.

ಕ್ರೋಮಿನಲ್ಲಿ ದುಡ್ಡು ಉಳಿಸಲು ಹೋಗಬೇಡ. ಮೊದಲು ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಹೀಗೆ ಮೂರೂ ಕೊಡುವವನನ್ನು ಹುಡುಕು. ಒಂದೇ ಅದ್ದಿನ ಕ್ರೋಮ್ ಸಕಲೇಶಪುರದಲ್ಲಿ ಒಂದು ಮಳೆಗಾಲ ದಾಟುವುದಿಲ್ಲ.

ಎಂಜಿನ್ನಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದು. ಇಷ್ಟು ವರ್ಷ ನಿಂತ ಎರಡು ಸ್ಟ್ರೋಕಿನ ಗಾಡಿಗೆ ಪೆಟ್ರೋಲ್ ಹಾಕಿ ‘ಒಂದು ಕಿಕ್ ಹೊಡೆದು ನೋಡೋಣ’ ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಆ ಆಸೆಯನ್ನು ಅದುಮಿಡು. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ, ಇರುವ ಕೋಣೆಯೇ ಪಂಪಿನ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೇರಿದಾಗ ಕಾರ್ಬ್ಯುರೇಟರಿನಿಂದ ಮಿಶ್ರಣವನ್ನು ಒಳಗೆಳೆದು, ಇಳಿದಾಗ ಮೇಲಕ್ಕೆ ತಳ್ಳುತ್ತದೆ. ಆ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಮುಚ್ಚಿಡುವುದು ಕ್ರ್ಯಾಂಕಿನ ಎರಡು ಕೊನೆಗಳಲ್ಲಿರುವ ರಬ್ಬರಿನ ಆಯಿಲ್ ಸೀಲುಗಳು. ನಿಂತ ಗಾಡಿಯಲ್ಲಿ ಅವು ಒಣಗಿ ಗಟ್ಟಿಯಾಗುತ್ತವೆ. ಎಡಗಡೆಯದು, ಅಂದರೆ ಪ್ರೈಮರಿ ಚೈನಿನ ಕಡೆಯದು ಸೋತರೆ ಗೇರ್ ಆಯಿಲ್ ಎಂಜಿನ್ನಿಗೆ ಎಳೆದುಕೊಂಡು ದಟ್ಟ ಬಿಳಿ ಹೊಗೆ ಬರುತ್ತದೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಬಲಗಡೆಯದು ಸೋತರೆ ಬರಿಯ ಗಾಳಿ ನುಗ್ಗುತ್ತದೆ, ಏನೂ ಕಾಣುವುದಿಲ್ಲ. ಮಿಶ್ರಣ ತೆಳುವಾಗಿ ಪಿಸ್ಟನ್ ಕಾದು, ಒಳ್ಳೆಯ ವೇಗದಲ್ಲಿರುವಾಗಲೇ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ, ಹಿಂದಿನ ಚಕ್ರ ತಿರುಗದೆ ನಿಂತುಬಿಡುತ್ತದೆ. ಅದರಲ್ಲಿ ಕೈಕಾಲು ಮುರಿದುಕೊಂಡವರಿದ್ದಾರೆ ಪುಟ್ಟಿ. ಹತ್ತಿಪ್ಪತ್ತು ಕಡೆ ಉಳಿತಾಯ ಮಾಡು, ಸೀಲಿನಲ್ಲಿ ಮಾತ್ರ ಬೇಡ.

ಸೀಲ್ ಬದಲಿಸಲು ಕೇಸು ಬಿಚ್ಚಿದಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲಕ್ಕೆ ಕೆಳಕ್ಕೆ ಎಳೆದು ನೋಡು. ಪಕ್ಕಕ್ಕೆ ಸ್ವಲ್ಪ ಆಡಿದರೆ ತೊಂದರೆಯಿಲ್ಲ, ಮೇಲೆ ಕೆಳಗೆ ‘ಟಿಕ್’ ಎಂದರೆ ಕೆಳಗಿನ ಬೇರಿಂಗ್ ಹೋಯಿತೆಂದು ಅರ್ಥ. ಈ ಕ್ರ್ಯಾಂಕ್ ತುಂಡುಗಳನ್ನು ಒತ್ತಿ ಕೂರಿಸಿರುತ್ತಾರೆ. ಸುತ್ತಿಗೆಯಿಂದ ಬಿಚ್ಚುವವನ ಕೈಗೆ ಅದನ್ನು ಕೊಡಲೇಬೇಡ. ಪ್ರೆಸ್ಸಿನಲ್ಲಿ ಒತ್ತಿ, ಲೇತಿನ ಎರಡು ಸೆಂಟರುಗಳ ನಡುವೆ ತೂಗಿ, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ನೇರ ಮಾಡಬೇಕು. ನಾನು 0.03 ಮಿಮೀಗಿಂತ ಹೆಚ್ಚು ಓಲಾಡಲು ಬಿಡುವುದಿಲ್ಲ. ಸಿಲಿಂಡರನ್ನೂ ಅಳೆಯದೆ ಬೋರ್ ಮಾಡಿಸಬಾರದು. ಮೇಲೆ, ನಡುವೆ, ಕೆಳಗೆ, ಅಡ್ಡಕ್ಕೂ ಉದ್ದಕ್ಕೂ ಅಳತೆ ನೋಡಬೇಕು. ಪ್ರತಿ ಸಲ ಕೊರೆದಾಗಲೂ ಅದರ ಆಯಸ್ಸಿನಲ್ಲಿ ಒಂದು ಪಾಲು ಕಳೆಯುತ್ತದೆ.

ಗೇರ್ ಲಿವರಿನ ಮೇಲೆ ವಿಶೇಷ ಗಮನವಿರಲಿ. ನಿನ್ನ ವಯಸ್ಸಿನವರು ಇದನ್ನು ಕಂಡು ಬೆರಗಾಗುತ್ತಾರೆ. ಅದೇ ಲಿವರನ್ನು ಎಂಜಿನ್ನಿನ ಕಡೆಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ, ಮತ್ತೆ ಮುಂದಕ್ಕೆ ಬಾಗಿಸಿದರೆ ಹೊರಕ್ಕೆ ಚಿಮ್ಮಿ ಗೇರ್ ಲಿವರಾಗಿ ಕೂರುತ್ತದೆ. ಹಲ್ಲುಗಳು ಸವೆದರೆ ಕಿಕ್ ಜಾರುತ್ತದೆ, ಆಗ ಕೆಲವರು ವೆಲ್ಡಿಂಗ್ ಮಾಡಿಸಿ ಒಂದೇ ಕೆಲಸಕ್ಕೆ ಕಟ್ಟಿಹಾಕುತ್ತಾರೆ. ಈ ಗಾಡಿಯ ಜಾಣತನವೆಲ್ಲ ಆ ಲಿವರಿನಲ್ಲಿದೆ. ಹಾಗೆ ಮಾಡಲು ಯಾರಿಗೂ ಬಿಡಬೇಡ.

ಟ್ಯಾಂಕಿನ ಒಳಗಿನ ತುಕ್ಕಿಗೆ ಶೌಚಾಲಯ ತೊಳೆಯುವ ಆಸಿಡ್ ಸುರಿಯುವ ಪದ್ಧತಿಯಿದೆ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ಹಳೆಯ ನಟ್ಟುಗಳನ್ನು ಹಾಕಿ ಅಲುಗಾಡಿಸಿ, ತೆಳುವಾದ ಫಾಸ್ಫರಿಕ್ ಆಮ್ಲದಿಂದ ತೊಳೆದು, ಅಡುಗೆ ಸೋಡದ ನೀರು ಹಾಯಿಸಿ, ತಕ್ಷಣ ಒಣಗಿಸಿ ಒಳಗೆಲ್ಲ ಎಣ್ಣೆ ಸವರು. ಕೈಗವಸು, ಕನ್ನಡಕ ಮರೆಯಬೇಡ.

ಬಿಡಿಭಾಗಗಳಿಗೆ ಮೈಸೂರಿನ ಹಳೆಯ ಮೆಕ್ಯಾನಿಕ್‌ಗಳನ್ನು ನಾನೇ ವಿಚಾರಿಸುತ್ತೇನೆ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ನೋಡು. ಆದರೆ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗು, ಅಕ್ಕಪಕ್ಕ ಇಟ್ಟು ನೋಡದೆ ಕೊಳ್ಳಬೇಡ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಅಂದು ಸೇರುವ ಜನರಲ್ಲಿ ಒಬ್ಬರಲ್ಲ ಒಬ್ಬರ ಮನೆಯಲ್ಲಿ ನಿನಗೆ ಬೇಕಾದ ವಸ್ತು ಇರುತ್ತದೆ. ದುಡ್ಡಿಗಿಂತ ಪರಿಚಯಕ್ಕೆ ಅಲ್ಲಿ ಬೆಲೆ. 2022ರಲ್ಲಿ ಬಂದ ಹೊಸ ಯೆಜ್ಡಿಗಳು ನಾಲ್ಕು ಸ್ಟ್ರೋಕಿನವು, ಅವುಗಳ ಎಂಜಿನ್ ಭಾಗ ಯಾವುದೂ ಇದಕ್ಕೆ ಕೂರುವುದಿಲ್ಲ.

ಕಾನೂನಿನ ವಿಷಯದಲ್ಲಿ ನಿನ್ನ ಗೆಳೆಯರು ಹೇಳಿದ ‘ವಿಂಟೇಜ್ ನೋಂದಣಿ’ ಸದ್ಯಕ್ಕೆ ನಮಗಿಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು. ಮೊಟ್ಟಮೊದಲ ರೋಡ್‌ಕಿಂಗಿಗೇ 2028ರವರೆಗೆ ಕಾಯಬೇಕು. ಈಗ ಮಾಡಬೇಕಾದದ್ದು ಮಾಮೂಲಿ ಆರ್‌ಸಿ ನವೀಕರಣ, ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪತ್ರ), ವಿಮೆ. ಹೊಸ ಸುರಕ್ಷಾ ನಂಬರ್ ಪ್ಲೇಟ್ ಹಾಕಿಸಲೇಬೇಕು. ಆದರೆ ಕೈಬರಹದ, ಮೂರಕ್ಷರದ ಆ ಹಳೆಯ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿ, ಕಳಚಿದ ಓಟದ ಭಾಗಗಳನ್ನು ಇಡುವ ಪೆಟ್ಟಿಗೆಯಲ್ಲೇ ಇಡು. ಆ ಪೆಟ್ಟಿಗೆಯ ಒಂದು ಬೋಲ್ಟೂ ಮನೆಯಿಂದ ಹೊರಗೆ ಹೋಗಬಾರದು. ಯಾರೆಷ್ಟು ಬೆಲೆ ಹೇಳಿದರೂ ಸರಿ.

ಸದ್ಯಕ್ಕೆ ಇಷ್ಟು ಮಾಡು. ಅಪ್ಪನ ಒಪ್ಪಿಗೆ ಸಿಕ್ಕ ಮೇಲೆ ಎಂಜಿನ್ನನ್ನು ಇಡಿಯಾಗಿ ಇಳಿಸಿ, ಗೇರ್ ಆಯಿಲ್ ಪೂರ್ತಿ ಬಸಿದು, ಸೈಲೆನ್ಸರ್ ಬಾಯಿಗಳಿಗೆ ಬಟ್ಟೆ ತುರುಕಿ, ಎಸ್ಟೇಟಿನ ಜೀಪು ಮೈಸೂರಿಗೆ ಬರುವ ದಿನ ನನಗೆ ಕಳುಹಿಸು. ಕ್ರ್ಯಾಂಕ್ ಮತ್ತು ಸಿಲಿಂಡರ್ ನಾನೇ ನೋಡುತ್ತೇನೆ, ನೀನೂ ಬಂದು ಪಕ್ಕದಲ್ಲಿ ನಿಂತರೆ ಗೇಜ್ ಓದುವುದನ್ನು ಕಲಿಸುತ್ತೇನೆ. ಕಾರ್ಬ್ಯುರೇಟರನ್ನು ಮಾತ್ರ ಬಿಚ್ಚದೆ ಬೇರೆ ಡಬ್ಬದಲ್ಲಿಡು. ಅಪ್ಪ ಓಟಕ್ಕೆಂದು ಜೆಟ್, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು, ಬದಲಿಸಿದ್ದನೋ ಇಲ್ಲವೋ ಎಂದು ಅದರ ಮೇಲಿನ ಸಂಖ್ಯೆ ನೋಡಿದ ಮೇಲೆಯೇ ಹೇಳಬಲ್ಲೆ.

ಇತಿ,
ನಿನ್ನ ದೊಡ್ಡಪ್ಪ