ತಂದೆಯವರ ಸೋಂಕನ್ನು ಪತ್ತೆಹಚ್ಚಿದವರಿಗೆ ಕೃತಜ್ಞತೆಗಳು

ಹೊಟ್ಟೆಯ ಮಹಾಪಧಮನಿಯಿಂದ ಎರಡೂ ಕಾಲುಗಳಿಗೆ ರಕ್ತ ಒಯ್ಯಲು ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಅಳವಡಿಸಿದ್ದ ಡೇಕ್ರಾನ್ ಗ್ರಾಫ್ಟಿಗೆ (ಪಾಲಿಯೆಸ್ಟರ್ ಬಟ್ಟೆಯ, ಎರಡು ಕವಲುಗಳ ಕೃತಕ ರಕ್ತನಾಳಕ್ಕೆ) ತಗುಲಿದ್ದ ಸೋಂಕನ್ನು ಪತ್ತೆಹಚ್ಚಿ, ಅವರನ್ನು ಗುಣಪಡಿಸಿ ಮನೆಗೆ ಕಳುಹಿಸಿಕೊಟ್ಟ ಎಲ್ಲರಿಗೂ ಕುಟುಂಬದ ಪರವಾಗಿ ಕೃತಜ್ಞತೆ ಸಲ್ಲಿಸುತ್ತೇನೆ. ಶಸ್ತ್ರಚಿಕಿತ್ಸಕರ ಉಪಕಾರ ಎಲ್ಲರ ಕಣ್ಣಿಗೂ ಕಾಣುವಂಥದ್ದು. ಆದ್ದರಿಂದಲೇ ನಾನು ಮೊದಲು ನೆನೆಯಬಯಸುವುದು ರೇಡಿಯಾಲಜಿ ಮತ್ತು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದವರನ್ನು.

ಬಿಟ್ಟು ಬಿಟ್ಟು ಬರುತ್ತಿದ್ದ ಜ್ವರ, ಇಳಿಯುತ್ತಿದ್ದ ತೂಕ, ರಕ್ತದಲ್ಲಿ ಏರಿದ್ದ, ಉರಿಯೂತ ಸೂಚಿಸುವ ಪ್ರೋಟೀನಾದ ಸಿಆರ್‌ಪಿ, ಇಷ್ಟೇ ಇದ್ದ ಸುಳಿವು. ಬ್ಯಾಕ್ಟೀರಿಯಾ ಬೆಳೆಯುವುದೇ ಎಂದು ನೋಡುವ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆದಿರಲಿಲ್ಲ. ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋಗ್ರಾಂನಲ್ಲಿ ಗ್ರಾಫ್ಟಿನ ಎಡಗವಲಿನ ಸುತ್ತ ತೆಳುವಾಗಿ ದ್ರವ ಕಂಡಿತು. ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಇಂಥ ದ್ರವ ಸಹಜವೆಂದೂ, ಮೂರು ತಿಂಗಳು ಕಳೆದ ಮೇಲೂ ಇದ್ದರೆ ಅನುಮಾನಿಸಲೇಬೇಕೆಂದೂ ರೇಡಿಯಾಲಜಿಸ್ಟ್ ನಮಗೆ ತಾಳ್ಮೆಯಿಂದ ವಿವರಿಸಿದರು. ಗಾಳಿಯ ಗುಳ್ಳೆಗಳು ಕಾಣದಿದ್ದುದರಿಂದ ಅವರು ಸೋಂಕು ಖಚಿತವೆಂದು ಬರೆಯಲಿಲ್ಲ, ಇಲ್ಲವೆಂದೂ ಬರೆದು ಮುಗಿಸಲಿಲ್ಲ. ಜೀವಕೋಶಗಳ ಚಟುವಟಿಕೆ ಹೆಚ್ಚಿರುವ ಜಾಗವನ್ನು ತೋರಿಸುವ ಪೆಟ್-ಸಿಟಿ ಸ್ಕ್ಯಾನ್ ಮಾಡಿಸಲೇಬೇಕೆಂದು ತಾವೇ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿದರು. ಆ ಫೋನ್ ಕರೆಯ ಋಣ ದೊಡ್ಡದು.

ಪೆಟ್-ಸಿಟಿಗೆ ಬೇಕಾದ, ಚುಚ್ಚುಮದ್ದಾಗಿ ಕೊಡುವ ವಿಕಿರಣಶೀಲ ವಸ್ತುವಾದ ಎಫ್‌ಡಿಜಿಯಲ್ಲಿರುವ ಫ್ಲೋರಿನ್-18ರ ವಿಕಿರಣ ಸುಮಾರು 110 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಕಣಗಳ ವೇಗ ಹೆಚ್ಚಿಸುವ ಯಂತ್ರವಾದ ಸೈಕ್ಲೋಟ್ರಾನ್‌ನಲ್ಲಿ ಅದನ್ನು ತಯಾರಿಸುವವರು, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ತಲುಪಿಸುವವರು, ಸಕ್ಕರೆ ಕಾಯಿಲೆಯಿರುವ ತಂದೆಯವರ ಉಪವಾಸವನ್ನೂ ರಕ್ತದ ಸಕ್ಕರೆಯನ್ನೂ ಕಾಳಜಿಯಿಂದ ನೋಡಿಕೊಂಡ ತಂತ್ರಜ್ಞರು, ಇವರಲ್ಲಿ ಯಾರೊಬ್ಬರು ತಡಮಾಡಿದ್ದರೂ ಆ ದಿನದ ಪರೀಕ್ಷೆ ಕೆಡುತ್ತಿತ್ತು. ಸೋಂಕಿನ ಜಾಗದಲ್ಲಿ ಸೇರುವ ಬಿಳಿ ರಕ್ತಕಣಗಳು ಗ್ಲೂಕೋಸ್‌ನಂತಿರುವ ಈ ಎಫ್‌ಡಿಜಿಯನ್ನು ಹೆಚ್ಚು ಹೀರಿಕೊಳ್ಳುತ್ತವೆ. ಆದರೆ ಸೋಂಕಿಲ್ಲದ ಕೃತಕ ರಕ್ತನಾಳವೂ ಉದ್ದಕ್ಕೂ ಸಮನಾಗಿ, ಮಂದವಾಗಿ ಹೊಳೆಯಬಹುದಾದ್ದರಿಂದ ಚಿತ್ರವನ್ನು ಓದುವುದಕ್ಕೆ ಅನುಭವ ಬೇಕು. ಎಡ ತೊಡೆಸಂದಿನ ಬಳಿ ಒಂದೇ ಕಡೆ ಪ್ರಖರವಾಗಿ ಕಂಡ ಹೊಳಪನ್ನು ವೈದ್ಯರು ಹಳೆಯ ಸ್ಕ್ಯಾನ್‌ಗಳ ಜೊತೆ ಹೋಲಿಸಿ ನೋಡಿದ ನಂತರವೇ ಅದು ಸೋಂಕೆಂಬ ಅಭಿಪ್ರಾಯಕ್ಕೆ ಬಂದರು. ಉಳಿದ ಭಾಗದಲ್ಲಿ ಅಂಥ ಗುರುತು ಇರಲಿಲ್ಲ.

ಇದರಿಂದಾದ ಉಪಕಾರ ಅಷ್ಟಿಷ್ಟಲ್ಲ. ಇಡೀ ಗ್ರಾಫ್ಟನ್ನು ಕಿತ್ತು ತೆಗೆಯುವ ಭಾರೀ ಶಸ್ತ್ರಚಿಕಿತ್ಸೆಯ ಬದಲು, ಎಡಗವಲನ್ನಷ್ಟೇ ತೆಗೆದು, ಅವರದೇ ತೊಡೆಯ ಅಭಿಧಮನಿಯಿಂದ ಹೊಸ ದಾರಿ ಮಾಡಿಕೊಡಲು ಸಾಧ್ಯವಾಯಿತು. ತೆಗೆದ ತುಂಡಿನ ಕಲ್ಚರ್‌ನಲ್ಲಿ ಸ್ಟೆಫೈಲೊಕಾಕಸ್ ಬೆಳೆದಾಗ ಚಿತ್ರಗಳು ಹೇಳಿದ್ದು ನಿಜವೆಂದು ಖಚಿತವಾಯಿತು. ಆ ಬ್ಯಾಕ್ಟೀರಿಯಾಕ್ಕೆ ತಕ್ಕ ಆಂಟಿಬಯಾಟಿಕ್ ಆರಿಸಲು ನೆರವಾದ ಮೈಕ್ರೊಬಯಾಲಜಿ ಪ್ರಯೋಗಾಲಯದವರಿಗೆ, ಅದನ್ನು ವಾರಗಟ್ಟಲೆ ಹೊತ್ತು ತಪ್ಪದೆ ಕೊಟ್ಟ ಶುಶ್ರೂಷಕಿಯರಿಗೆ, ಹೆಸರನ್ನೂ ತಿಳಿಸದೆ ರಕ್ತ ಕೊಟ್ಟು ಹೋದವರಿಗೆ ನಮ್ಮೆಲ್ಲರ ಮನಃಪೂರ್ವಕ ವಂದನೆಗಳು.