ಹೊಟ್ಟೆನೋವಿನ ಪ್ಯಾಕೇಜಿಂದ ಅಮೈಲೇಸ್ ತೆಗೀತಿದ್ದೇವೆ, ಯಾಕೆ ಅಂತ ಒಮ್ಮೆ ಓದಿ

ಎಲ್ಲರಿಗೂ ನಮಸ್ಕಾರ,

ಮೇದೋಜೀರಕ ಗ್ರಂಥಿ ಊದಿಕೊಳ್ಳುದಕ್ಕೆ ಡಾಕ್ಟ್ರು ಪ್ಯಾಂಕ್ರಿಯಾಟೈಟಿಸ್ ಅಂತಾರಲ್ಲ, ಅದನ್ನು ನೋಡ್ಲಿಕ್ಕೆ ರಕ್ತದಲ್ಲಿ ಅಮೈಲೇಸ್ ಮತ್ತೆ ಲೈಪೇಸ್ (ಆ ಗ್ರಂಥಿಯಿಂದ ಬರುವ, ಆಹಾರ ಜೀರ್ಣಿಸುವ ಕಿಣ್ವಗಳು) ಎಷ್ಟಿದೆ ಅಂತ ನೋಡುವ ಎರಡೂ ಟೆಸ್ಟ್ ಸೇರಿಸಿ ನಮ್ಮ ಲ್ಯಾಬಲ್ಲಿ ಒಂದು ಪ್ಯಾಕೇಜ್ ಇತ್ತು. ಬರುವ ಸೋಮವಾರದಿಂದ ಅದು ಇರುದಿಲ್ಲ. ಲೈಪೇಸ್ ಒಂದೇ ಮಾಡ್ತೇವೆ, ದುಡ್ಡೂ ಅದೊಂದರದ್ದೇ. ಇಷ್ಟು ದಿನ ಲೈಪೇಸಿನ ಸ್ಯಾಂಪಲ್ ಮಂಗಳೂರಿಗೆ ಹೋಗಿ ರಿಪೋರ್ಟ್ ಮರುದಿನ ಬರ್ತಿತ್ತು, ಇನ್ನು ಇಲ್ಲೇ ಉಡುಪಿಯಲ್ಲಿ ಮಾಡಿ ಅದೇ ದಿನ ಕೊಡ್ತೇವೆ.

ಕಾರಣ ಹೇಳ್ತೇನೆ. ಮಲ್ಪೆಯಲ್ಲಿ ಬೋಟಿಗೆ ಹೋಗುವವರೊಬ್ಬರು ನಾಲ್ಕು ದಿನ ನೋವು ತಡ್ಕೊಂಡು, ಗ್ಯಾಸ್ ಅಂತ ಸೋಡಾ, ಓಮದ ನೀರು ಎಲ್ಲ ಕುಡಿದು ಕಡೆಗೆ ನಮ್ಮಲ್ಲಿಗೆ ಬಂದ್ರು. ಬೆಂಚಲ್ಲಿ ನೆಟ್ಟಗೆ ಕೂರ್ಲಿಕ್ಕೆ ಆಗ್ತಿರ್ಲಿಲ್ಲ, ಮುಂದೆ ಬಗ್ಗಿ ಹೊಟ್ಟೆ ಒತ್ತಿ ಹಿಡ್ಕೊಂಡಿದ್ರು. ಅಮೈಲೇಸ್ ನಾರ್ಮಲ್ ಬಂತು. ಅವರ ಹೆಂಡತಿ ರಿಪೋರ್ಟ್ ಮಡಚಿ ಪರ್ಸಲ್ಲಿಟ್ಟು "ಏನಿಲ್ವಲ್ಲ?" ಅಂತ ಎರಡು ಸಲ ಕೇಳಿ ಮನೆಗೆ ಕರ್ಕೊಂಡು ಹೋದ್ರು. ಮರುದಿನ ಸಂಜೆ ಲೈಪೇಸ್ ಬಂದಾಗ ನಾರ್ಮಲಿನ ಐದು ಪಟ್ಟು! ಕೂಡ್ಲೇ ಫೋನ್ ಮಾಡಿದೆವು, ಅಡ್ಮಿಟ್ ಆಗಿ ಹುಷಾರಾದ್ರು, ಆದ್ರೆ ಆ ಒಂದು ದಿನ ಸುಮ್ಮನೆ ಹೋಯ್ತು, ಅದು ನನ್ನ ಮನಸ್ಸಿಂದ ಹೋಗುದೇ ಇಲ್ಲ.

ನೋವು ಶುರುವಾದ ಕೆಲವು ಗಂಟೆಯಲ್ಲಿ ಎರಡೂ ಏರ್ತವೆ, ಆದ್ರೆ ಅಮೈಲೇಸ್ 3ರಿಂದ 5 ದಿನದಲ್ಲಿ ಇಳಿದು ಹೋಗ್ತದೆ, ಲೈಪೇಸ್ 8ರಿಂದ 14 ದಿನದವರೆಗೂ ಮೇಲೆ ಇರ್ತದೆ, ನಮ್ಮ ಕಡೆ ಜನ ಬರುದೇ ತಡವಾಗಿ, ಹಾಗಾಗಿ ನಮಗೆ ಲೈಪೇಸೇ ಬೇಕು. ಕುಡಿತದಿಂದ ಅಥವಾ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) ತುಂಬಾ ಏರಿ ಬಂದ ಊತದಲ್ಲಂತೂ ಅಮೈಲೇಸ್ ಮೊದಲಿಂದಲೇ ನಾರ್ಮಲ್ ತೋರಿಸುದುಂಟು. ಎಂಜಲು ಗ್ರಂಥಿಯಿಂದಲೂ ಅದು ಬರುದರಿಂದ ಮಂಗನಬಾವು ಆದ್ರೂ ಏರ್ತದೆ.

ನಮ್ಮ ಮಿಷಿನಲ್ಲಿ ಲೈಪೇಸ್ 60ರವರೆಗೆ ನಾರ್ಮಲ್. 80, 90 ಬಂದ ಕೂಡ್ಲೇ ಗೂಗಲ್ ನೋಡಿ ಹೆದರ್ಬೇಡಿ, ಡಾಕ್ಟ್ರಿಗೆ ತೋರ್ಸಿ, ಕಿಡ್ನಿ ತೊಂದರೆಯಲ್ಲೂ ಹಾಗೆ ಆಗ್ತದೆ. ಮೂರು ಪಟ್ಟು, ಅಂದ್ರೆ 180 ಮುಟ್ಟಿದ್ರೆ ಲೆಕ್ಕಕ್ಕೆ ಬರುದು. ಆಗಲೂ ರಕ್ತ ಒಂದೇ ಸಾಲುದಿಲ್ಲ, ನೋವಿನ ಲಕ್ಷಣ, ರಕ್ತ, ಸ್ಕ್ಯಾನ್ ಈ ಮೂರರಲ್ಲಿ ಎರಡು ಹೊಂದ್ಬೇಕು, ಈ ಕಾಯಿಲೆ ಗುರುತಿಸ್ಲಿಕ್ಕೆ ಡಾಕ್ಟ್ರು ಬಳಸುವ 2012ರ ಪರಿಷ್ಕೃತ ಅಟ್ಲಾಂಟಾ ಮಾನದಂಡ ಹೇಳುದೂ ಇದನ್ನೇ. ನಂಬರ್ ದೊಡ್ಡದಾದ್ರೆ ಕಾಯಿಲೆ ದೊಡ್ಡದು ಅಂತ ಇಲ್ಲ, ಹಾಗಾಗಿ ಇಳಿದಿದೆಯಾ ಅಂತ ದಿನಾ ಮಾಡ್ಸುದು ಬೇಡ, ದುಡ್ಡು ದಂಡ. ಎಸ್‌ಜಿಪಿಟಿ (ಲಿವರಿನ ರಕ್ತ ಟೆಸ್ಟ್) ಶುರುವಿನಲ್ಲೇ 150 ದಾಟಿದ್ರೆ ಊತಕ್ಕೆ ಪಿತ್ತಕೋಶದ ಕಲ್ಲು ಕಾರಣ ಆಗಿರುವ ಚಾನ್ಸ್ ಜಾಸ್ತಿ, ಆ ಟೆಸ್ಟ್ ಡಾಕ್ಟ್ರು ಬರೆದಿದ್ರೆ ಬಿಡ್ಬೇಡಿ.

ಲೈಪೇಸಿಗೆ ಖಾಲಿ ಹೊಟ್ಟೆಯಲ್ಲಿ ಬರ್ಬೇಕಂತ ಇಲ್ಲ. ಹೊಟ್ಟೆಯ ಮೇಲ್ಭಾಗ ಜೋರು ನೋವಾಗಿ ಬೆನ್ನಿಗೆ ಹೊಡೀತಿದ್ರೆ, ವಾಂತಿ ನಿಲ್ತಾ ಇಲ್ಲ ಅಂದ್ರೆ ದಯವಿಟ್ಟು ನಮ್ಮ ಕ್ಯೂನಲ್ಲಿ ನಿಲ್ಬೇಡಿ, 108ಕ್ಕೆ ಫೋನ್ ಮಾಡಿ ಸೀದಾ ಆಸ್ಪತ್ರೆಗೆ ಹೋಗಿ, ಟೆಸ್ಟ್ ಅಲ್ಲೇ ಆಗ್ತದೆ. ಚೀಟಿಯಲ್ಲಿ ಅಮೈಲೇಸ್ ಅಂತಲೇ ಬರೆದಿದ್ರೆ ಡಾಕ್ಟ್ರ ಹತ್ರ ಒಮ್ಮೆ ಕೇಳಿ, ಬೇಕು ಅಂದ್ರೆ ಮಾಡಿಕೊಡ್ತೇವೆ. ಹಳೇ ಪ್ಯಾಕೇಜಿಗೆ ಮೊದಲೇ ದುಡ್ಡು ಕಟ್ಟಿದವರು ಬಿಲ್ ತನ್ನಿ, ಉಳಿದದ್ದು ಕೌಂಟರಲ್ಲೇ ವಾಪಸ್ ಕೊಡ್ತೇವೆ.